ರಿಜಿಸ್ಟ್ರಿಗೆ ಕೈ ಹಾಕಿದ ವರ್ಷ

ನಮ್ಮಪ್ಪ ಹಿರಿಯೂರಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಬಸ್ ಸ್ಟ್ಯಾಂಡಿಗೆ ಹತ್ತಿರ, ಒಂದು ಬೇಕರಿಯ ಮೇಲಿನ ಮಹಡಿ. ಹನ್ನೊಂದು ಟೈಪ್‌ರೈಟರ್‌ಗಳು, ಅವುಗಳಲ್ಲಿ ನಾಲ್ಕು ಕನ್ನಡದವು. ಕನ್ನಡ ಸೀನಿಯರ್ ಪರೀಕ್ಷೆ ಪಾಸು ಮಾಡಿದ ಮೇಲೆ ನಾನು ಬೇರೆಲ್ಲೂ ಕೆಲಸಕ್ಕೆ ಹೋಗದೆ ಅಲ್ಲೇ ಕಲಿಸುತ್ತ ಉಳಿದೆ. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸಿಗೆ ನನ್ನ ಬೆರಳುಗಳಿಗೆ ಆ ಕೀಲಿಗಳ ಜಾಗ ಎಷ್ಟು ಒಗ್ಗಿಹೋಗಿತ್ತೆಂದರೆ, ಯಾರಾದರೂ ಎದುರಿಗೆ ಕೂತು ಮಾತಾಡುತ್ತಿದ್ದರೆ ಅವರು ಹೇಳಿದ್ದನ್ನೇ ಮೇಜಿನ ಮೇಲೆ ಸುಮ್ಮನೆ ಟೈಪು ಮಾಡುತ್ತಿರುತ್ತಿದ್ದೆ. ತಟ್ಟೆಯ ಮುಂದೆ ಕೂತಾಗಲೂ ಹೀಗೇ ಮಾಡಿ ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದೆ.

ಎರಡು ಸಾವಿರದ ಇಸವಿ ಆಗತಾನೇ ದಾಟಿತ್ತು. ಊರಿನ ಕೊಬ್ಬರಿ ಮಂಡಿಯೊಂದರವರು ಹೊಸ ಕಂಪ್ಯೂಟರ್ ತರಿಸಿಕೊಂಡು, ಹಳೆಯದನ್ನು ಅಪ್ಪನಿಗೆ ಕೊಟ್ಟರು. ಆಟೋದಲ್ಲಿ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಬಂದವಳು ನಾನೇ. ಸಂದಿಗೊಂದಿಯಲ್ಲೆಲ್ಲ ಕೊಬ್ಬರಿ ಧೂಳು. ಒರೆಸಿ, ವೈರು ಸಿಕ್ಕಿಸಿ, ಸ್ವಿಚ್ ಹಾಕಿದಾಗ ಅಪ್ಪ ಕನ್ನಡಕ ಸರಿಮಾಡಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಬಂದರು.

“ಇದಕ್ಕೆ ರಿಬ್ಬನ್ ಎಲ್ಲಿ ಹಾಕ್ತಾರವ್ವ?”

ತಮಾಷೆಗೆ ಕೇಳಿದ್ದಲ್ಲ. ಅಕ್ಷರ ಮೂಡಬೇಕಾದರೆ ಮಸಿ ಎಲ್ಲೋ ಇರಲೇಬೇಕೆಂದು ನಂಬಿ ಬಾಳಿದವರು ಅವರು. ಅಂದಿನಿಂದ ಆ ಯಂತ್ರವನ್ನು ನನಗೇ ಬಿಟ್ಟುಬಿಟ್ಟರು. ಪಕ್ಕದಲ್ಲಿ ನಿಂತು ನೋಡುತ್ತಿದ್ದರೇ ಹೊರತು ಮೌಸ್ ಮುಟ್ಟುತ್ತಿರಲಿಲ್ಲ.

ನಮಗೆ ಬಂದ ಮೊದಲ ದೊಡ್ಡ ಕೆಲಸ ಒಬ್ಬ ನಿವೃತ್ತ ಮೇಷ್ಟ್ರದ್ದು. ಮೂಲತಃ ತುರುವನೂರಿನವರು, ನಿವೃತ್ತಿಯ ಮೇಲೆ ಬಬ್ಬೂರಿನಲ್ಲಿ ಮಗಳ ಮನೆಯಲ್ಲಿದ್ದರು. ತಮ್ಮ ಸೀಮೆಯ ಹೊಲ, ಬದು, ಹಳ್ಳಗಳಲ್ಲಿ ಬೆಳೆಯುವ ಗಿಡಗಳ ಹೆಸರುಗಳನ್ನೆಲ್ಲ ಕೂಡಿಹಾಕಿದ್ದರು. ಅಣ್ಣೆಸೊಪ್ಪು, ಉತ್ತರಾಣಿ, ತಂಗಡಿ, ಕಾರೆ, ಲಕ್ಕಿ, ಹೊನಗೊನೆ. ಯಾವುದನ್ನು ಸಾರಿಗೆ ಹಾಕುತ್ತಾರೆ, ಯಾವುದನ್ನು ದನ ಮೂಸುವುದಿಲ್ಲ, ಯಾವುದಕ್ಕೆ ಪಕ್ಕದ ಊರಿನಲ್ಲಿ ಬೇರೆ ಹೆಸರು, ಎಲ್ಲವೂ ನಾಲ್ಕು ನೋಟ್‌ಬುಕ್‌ಗಳ ತುಂಬ ದುಂಡಗಿನ ಅಕ್ಷರದಲ್ಲಿತ್ತು. ದುರ್ಗದ ಪ್ರೆಸ್ಸಿನಲ್ಲಿ ಪುಸ್ತಕ ಮಾಡಿಸುವುದು ಅವರ ಆಸೆ.

ತೊಡಕು ಶುರುವಾದದ್ದು ಇಲ್ಲಿ. ಕಂಪ್ಯೂಟರಿನ ಕನ್ನಡ ತಂತ್ರಾಂಶದಲ್ಲಿ ಎರಡು ಬಗೆಯ ಕೀಲಿಮಣೆ ಇತ್ತು. ಒಂದು ನನ್ನ ಬೆರಳಿಗೆ ಗೊತ್ತಿದ್ದ ಟೈಪ್‌ರೈಟರಿನ ವಿನ್ಯಾಸ, ಇನ್ನೊಂದು ಯಾವುದೋ ಹೊಸದು. ನಾನು ದಿನವೂ ಟೈಪ್‌ರೈಟರಿನದನ್ನು ಆಯ್ದುಕೊಳ್ಳುತ್ತಿದ್ದೆ. ಯಂತ್ರ ಆರಿಸಿ ಮತ್ತೆ ಹಚ್ಚಿದರೆ ಅದು ಹಟ ಹಿಡಿದು ಆ ಹೊಸದಕ್ಕೇ ವಾಪಸು. ‘ಕಾರೆ’ ಎಂದು ಹೊಡೆದರೆ ಬಾಯಿಗೇ ಬಾರದ ಏನೋ ಮೂಡುತ್ತಿತ್ತು.

ಇದನ್ನು ನೋಡುತ್ತಿದ್ದ ಮೇಷ್ಟ್ರು ಒಂದು ಮಧ್ಯಾಹ್ನ ಕೇಳಿದರು: “ಅಲ್ಲ ತಾಯಿ, ತನ್ನ ಮೊದಲಿನ ಕೀಲಿಮಣೆ ಅದಕ್ಕೆ ಅಷ್ಟು ಗಟ್ಟಿಯಾಗಿ ನೆನಪೈತಲ್ಲ, ಆ ನೆನಪನ್ನ ಅದು ಎಲ್ಲಿ ಇಟ್ಕಂಡೈತೆ?”

ಆ ಪ್ರಶ್ನೆ ನನ್ನ ತಲೆಗೆ ಹೊಕ್ಕು ಕೂತುಬಿಟ್ಟಿತು.

ಆ ವಾರವೇ ಪ್ರಿಂಟರ್ ಸರಿಮಾಡಲು ದುರ್ಗದಿಂದ ರಿಪೇರಿಯವರು ಬಂದರು. ರೇಡಿಯೊ ರಿಪೇರಿಯಿಂದ ಶುರುಮಾಡಿ, ಟಿವಿಗೆ ಬಂದು, ಆಮೇಲೆ ಕಂಪ್ಯೂಟರಿಗೆ ದಾಟಿದವರು. ಸ್ಕ್ರೂಗಳನ್ನು ಬಾಯಲ್ಲಿಟ್ಟುಕೊಂಡೇ ಮಾತಾಡುತ್ತಿದ್ದರು. ಮೇಷ್ಟ್ರ ಪ್ರಶ್ನೆಯನ್ನು ನಾನು ಅವರಿಗೆ ದಾಟಿಸಿದೆ. ಸ್ಕ್ರೂ ಉಗುಳಿ ಅಂಗೈಯಲ್ಲಿ ಹಿಡಿದು ನನ್ನ ಮುಖ ನೋಡಿದರು.

“ಬಾಳ ಜನ ಇದನ್ನ ಕೇಳಲ್ಲ ಅಕ್ಕ. ತೋರಿಸ್ತೀನಿ. ಆದ್ರೆ ನೋಡಾಕೆ ಮಾತ್ರ, ಮುಟ್ಟಾಕಲ್ಲ.”

ಸ್ಟಾರ್ಟ್ ಒತ್ತಿ, ರನ್ ಎಂಬಲ್ಲಿ ಒಂದು ಪುಟ್ಟ ಪದ ಹೊಡೆದರು. ಒಂದು ಕಿಟಕಿ ತೆರೆಯಿತು. ಎಡಗಡೆ ಆರು ಹಳದಿ ಫೋಲ್ಡರ್‌ಗಳು, ಪ್ರತಿಯೊಂದರ ಪಕ್ಕ ಒಂದು ಕೂಡುವ ಗುರುತು. ಅದನ್ನು ಒತ್ತಿದರೆ ಒಳಗೆ ಇನ್ನಷ್ಟು, ಅದರೊಳಗೆ ಮತ್ತಷ್ಟು. ಬಲಗಡೆ ಹೆಸರುಗಳ ಸಾಲು, ಪ್ರತಿ ಹೆಸರಿನೆದುರು ಒಂದು ಅಂಕೆಯೋ ಪದವೋ.

“ಇದು ರಿಜಿಸ್ಟ್ರಿ. ಕಂಪ್ಯೂಟರಿಗೆ ಏನೇನು ಸೆಟ್ಟಿಂಗ್ ಮಾಡಿದೀರೋ ಎಲ್ಲ ಇಲ್ಲಿ ಬರ್ಕಂಡೈತೆ. ಈ ಫೋಲ್ಡರ್ ಯಂತ್ರದ್ದು. ಇದು ಅದರ ಮುಂದೆ ಕುಂತು ಕೆಲಸ ಮಾಡೋರದ್ದು. ಸ್ವಿಚ್ ಹಾಕಿದ ತಕ್ಷಣ ಅದು ಮೊದಲು ಓದೋದೇ ಇದನ್ನ.”

ಕನ್ನಡ ತಂತ್ರಾಂಶದ ಫೋಲ್ಡರ್ ಹುಡುಕಿದೆವು. ಬಲಗಡೆ ಕೀಲಿಮಣೆಯ ಹೆಸರಿನೆದುರು ಒಂದು ಎಂಬ ಅಂಕೆ ಕೂತಿತ್ತು. ಅವರು ಅದನ್ನು ಎರಡು ಮಾಡಿದರು. ಯಂತ್ರ ಆರಿಸಿ ಹಚ್ಚಿದೆವು. ನಾನು ಉಸಿರು ಬಿಗಿಹಿಡಿದು ‘ಕಾರೆ’ ಎಂದು ಹೊಡೆದೆ. ತೆರೆಯ ಮೇಲೆ ಕಾರೆ!

ಒಂದೇ ಒಂದು ಅಂಕೆ. ತಿಂಗಳಿಂದ ನಾನು ಜಗಳವಾಡುತ್ತಿದ್ದದ್ದು ಆ ಒಂದು ಅಂಕೆಯ ಜೊತೆ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕೆಳಗೆ ಬೇಕರಿಗೆ ಓಡಿ ಎಲ್ಲರಿಗೂ ಖಾರದ ಬನ್ ತಂದೆ.

ಅಲ್ಲಿಂದ ಮುಂದಿನ ಎರಡು ವಾರ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಬ್ಯಾಚುಗಳ ನಡುವೆ ಬಿಡುವು ಸಿಕ್ಕರೆ ಸಾಕು, ಆ ಕಿಟಕಿ ತೆರೆಯುತ್ತಿದ್ದೆ. ತೆರೆಯ ಹಿಂದಿನ ಚಿತ್ರದ ಹೆಸರು ಸಿಕ್ಕಿತು. ಮೌಸನ್ನು ಎಷ್ಟು ಬೇಗ ಎರಡು ಸಲ ಒತ್ತಬೇಕೆಂಬ ಅಂಕೆ ಸಿಕ್ಕಿತು. ನಾನು ಕಳೆದ ವಾರ ತೆರೆದ ಕಡತಗಳ ಹೆಸರು ಕೂಡ ಅಲ್ಲಿದ್ದವು! ಅಷ್ಟು ದಿನ ಅದು ನನಗೆ ಮುಚ್ಚಿದ ಪೆಟ್ಟಿಗೆಯಾಗಿತ್ತು. ಈಗ ಅದರ ಒಳಗಿನ ಮಾತು ಒಂದೊಂದಾಗಿ ಅರ್ಥವಾಗುತ್ತಿದ್ದರೆ ಮೈ ಜುಮ್ಮೆನ್ನುತ್ತಿತ್ತು. ಒಂದು ಕಡೆ ಯಂತ್ರದ ಒಡೆಯರ ಹೆಸರು ಎಂಬ ಸಾಲಿತ್ತು, ಅದರೆದುರು ಆ ಕೊಬ್ಬರಿ ಮಂಡಿಯ ಹೆಸರು. ಅದನ್ನು ಅಳಿಸಿ ನಮ್ಮ ಇನ್‌ಸ್ಟಿಟ್ಯೂಟಿನ ಹೆಸರು ಹೊಡೆದು ಅಪ್ಪನನ್ನು ಕರೆದೆ. ಅಪ್ಪ ಓದಿ, “ಈಗ ನಮ್ಮದಾತು ಬಿಡು,” ಎಂದರು.

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮರುದಿನ ನನಗೆ ಮಂಡಿಯ ಹಳೆಯ ಕುರುಹುಗಳನ್ನೆಲ್ಲ ಗುಡಿಸಿಹಾಕುವ ಉಮೇದು ಬಂತು. ಅವರು ಬಳಸುತ್ತಿದ್ದ ಯಾವುದೋ ಪ್ರೋಗ್ರಾಮು ಯಾವತ್ತೋ ಹೋಗಿತ್ತು, ಅದರ ಹೆಸರು ಮಾತ್ರ ಅಲ್ಲಲ್ಲಿ ಉಳಿದಿತ್ತು. ಹುಡುಕುವುದು, ಡಿಲೀಟ್ ಒತ್ತುವುದು, ಮತ್ತೆ ಹುಡುಕುವುದು. ಏಳೆಂಟು ಆಗಿರಬೇಕು. ಬಲಗಡೆಯ ಸಾಲನ್ನು ಆರಿಸಿದ್ದೇನೆಂದುಕೊಂಡು ಡಿಲೀಟ್ ಒತ್ತಿದೆ. ನಿಜಕ್ಕೂ ಆರಿಸಿದ್ದು ಎಡಗಡೆಯ ಫೋಲ್ಡರ್. ಅಳಿಸಲೇ ಎಂದು ಯಂತ್ರ ಕೇಳಿತು. ಅಭ್ಯಾಸಬಲದಿಂದ ಹೌದು ಎಂದೆ. ಒಂದು ದೊಡ್ಡ ಕೊಂಬೆ, ಅದರ ಒಳಗಿನ ನೂರಾರು ಹೆಸರುಗಳ ಸಮೇತ, ಕಣ್ಣೆದುರೇ ಮಾಯವಾಯಿತು.

ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಅನ್‌ಡೂ ಹುಡುಕಿದೆ. ಆ ಕಿಟಕಿಯಲ್ಲಿ ಅನ್‌ಡೂ ಇರಲಿಲ್ಲ. ಸೇವ್ ಮಾಡದೆ ಮುಚ್ಚೋಣವೆಂದರೆ ಅಲ್ಲಿ ಸೇವ್ ಎಂಬುದೂ ಇಲ್ಲ. ಟೈಪ್‌ರೈಟರಿನಲ್ಲಿ ಕೀಲಿ ಒತ್ತಿದ ಕ್ಷಣವೇ ಕಾಗದಕ್ಕೆ ಏಟು ಬಿದ್ದಿರುತ್ತದಲ್ಲ, ಹಾಗೆ. ಆರಿಸಿ ಹಚ್ಚಿದರೆ ಸರಿಹೋದೀತೆಂದು ಆರಿಸಿದೆ. ಹಚ್ಚಿದಾಗ ಕಪ್ಪು ತೆರೆ, ಇಂಗ್ಲಿಷಿನಲ್ಲಿ ಎರಡು ಸಾಲಿನ ತಕರಾರು, ಮತ್ತೆ ತಾನಾಗಿಯೇ ಮೊದಲಿಂದ ಶುರು. ಮತ್ತೆ ಕಪ್ಪು. ನಾಲ್ಕು ಸಲವೂ ಅಷ್ಟೇ.

ಮೇಷ್ಟ್ರ ನೂರಕ್ಕೂ ಹೆಚ್ಚು ಪುಟ ಅದರೊಳಗಿದ್ದವು. ಸೋಮವಾರ ಪ್ರೆಸ್ಸಿಗೆ ಕೊಡಬೇಕು. ಅವತ್ತು ಶುಕ್ರವಾರ. ಫ್ಲಾಪಿಗೆ ತೆಗೆದಿಟ್ಟಿದ್ದು ಮೊದಲ ಮೂವತ್ತು ಪುಟ ಮಾತ್ರ.

ಬೇಕರಿಯವರ ಪರಿಚಯದವರೊಬ್ಬರು, ಊರಿನಲ್ಲೇ ಕಂಪ್ಯೂಟರ್ ಕಲಿಸುತ್ತಿದ್ದವರು, ಮೇಲೆ ಬಂದು ನೋಡಿದರು. “ಇದು ಹೋತು. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕ್ಬೇಕು. ಒಳಗಿರೋದು ಉಳಿಯಲ್ಲ,” ಎಂದು ಚೀಲದಿಂದ ಸಿಡಿ ತೆಗೆದೇಬಿಟ್ಟರು. ಮೇಷ್ಟ್ರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ನಾನು ಅವರ ಮುಖ ನೋಡಲಾರದೆ ಎಲ್ಲವನ್ನೂ ಹೇಳಿದೆ. ಯಂತ್ರ ಕೆಟ್ಟಿದ್ದಲ್ಲ, ನಾನು ಕೆಡಿಸಿದ್ದು ಎಂದೂ ಹೇಳಿದೆ.

ಮೇಷ್ಟ್ರು ಕೇಳಿದರು: “ನೀನು ಅಳಿಸಿದ್ದು ನನ್ನ ಪುಟಗಳನ್ನೋ, ಅದರ ಸೆಟ್ಟಿಂಗನ್ನೋ?”

“ಸೆಟ್ಟಿಂಗು ಸಾರ್.”

“ಹಂಗಾದ್ರೆ ಪುಟ ಅಲ್ಲೇ ಇರಬೇಕಲ್ಲ ತಾಯಿ. ದಾರಿ ತಪ್ಪೈತೆ ಅಷ್ಟೇ. ಆ ಸಿಡಿ ಒಳಗಿಡ್ರಿ ನೀವು.”

ನಮ್ಮಲ್ಲಿ ಆಗ ಫೋನಿರಲಿಲ್ಲ. ಮೆಟ್ಟಿಲಿಳಿದು ಎಸ್‌ಟಿಡಿ ಬೂತಿಗೆ ಓಡಿದೆ. ದುರ್ಗದ ರಿಪೇರಿಯವರು ಸಿಕ್ಕಿದರು. ನಾನು ಒಂದೇ ಉಸಿರಿಗೆ ಹೇಳಿದ್ದನ್ನು ಕೇಳಿ ಆ ಕಡೆ ನಕ್ಕರು.

“ಮುಟ್ಟಬ್ಯಾಡ್ರಿ ಅಂದಿದ್ದೆ.”

“ಮುಟ್ಟಿದೆ. ಈಗೇನು ಮಾಡ್ಲಿ ಹೇಳ್ರಿ.”

“ಘಾಬ್ರಿ ಆಗ್ಬ್ಯಾಡ್ರಿ ಅಕ್ಕ. ಅದು ದಿನಾ ಮೊದಲ ಸಲ ಸರಿಯಾಗಿ ಶುರುವಾದಾಗ ರಿಜಿಸ್ಟ್ರಿದು ಒಂದು ಪ್ರತಿ ತೆಗೆದಿಟ್ಕಂಡಿರ್ತೈತೆ. ಐದು ಪ್ರತಿ ಇಟ್ಕಂತೈತೆ. ಪೆನ್ನು ಐತಾ? ಬರ್ಕಳ್ರಿ.”

ಪೆನ್ನಿತ್ತು, ಕಾಗದವಿರಲಿಲ್ಲ. ಎಡಗೈ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ ಬರೆದುಕೊಂಡೆ. ಹಚ್ಚುವಾಗ ಕಂಟ್ರೋಲ್ ಕೀಲಿ ಒತ್ತಿಹಿಡಿಯಬೇಕು. ಪಟ್ಟಿ ಬರುತ್ತದೆ. ಅದರಲ್ಲಿ ಬರೀ ಕಮಾಂಡಿನ ಸಾಲನ್ನು ಆರಿಸಬೇಕು. ಆಮೇಲೆ ಒಂದು ಪದ, ಒಂದು ಜಾಗ ಬಿಟ್ಟು, ಓರೆಗೆರೆ, ಇನ್ನೊಂದು ಪದ. ಜಾಗ ಬಿಡುವುದನ್ನು ಅವರು ಮೂರು ಸಲ ಹೇಳಿದರು. “ಇವತ್ತಿನ ತಾರೀಕು ಬ್ಯಾಡ, ನಿನ್ನೇದು ತಗಳ್ರಿ,” ಎಂದರು.

ಮೇಲೆ ಬಂದು ಕೂತೆ. ಕಂಟ್ರೋಲ್ ಒತ್ತಿಹಿಡಿದೆ. ಪಟ್ಟಿ ಬಂತು! ಕಪ್ಪು ತೆರೆಯ ಮೇಲೆ ಬಿಳಿ ಗೆರೆ ಮಿನುಗಿತು. ಕೈ ಮೇಲಿನ ಅಕ್ಷರ ನೋಡಿಕೊಂಡು ಹೊಡೆದು ಎಂಟರ್ ಒತ್ತಿದೆ. ತೆರೆಯ ಮೇಲೆ ಒಂದರ ಕೆಳಗೊಂದು ಐದು ಸಾಲುಗಳು, ಐದು ತಾರೀಕುಗಳು. ಅಪ್ಪ ನನ್ನ ಭುಜದ ಮೇಲಿಂದ ಬಗ್ಗಿ ಒಂದೊಂದನ್ನೇ ಜೋರಾಗಿ ಓದಿದರು. ನಿನ್ನೆಯ ಸಾಲಿಗೆ ಬಂದು ಒತ್ತಿದೆ. ಒಂದು ಕಪ್ ಕಾಫಿ ಕುಡಿಯುವಷ್ಟು ಹೊತ್ತೂ ಆಗಲಿಲ್ಲ, ರಿಜಿಸ್ಟ್ರಿಯನ್ನು ಸರಿಯಾಗಿ ಮರಳಿ ಹಾಕಲಾಗಿದೆ ಎಂಬ ಸಾಲು ಬಂತು. ಮತ್ತೆ ಹಚ್ಚಿದೆ. ಆ ಪರಿಚಿತ ಸಂಗೀತ ಕೇಳಿದಾಗ ಕೋಣೆಯಲ್ಲಿದ್ದ ಹುಡುಗಿಯರೆಲ್ಲ ಟೈಪು ಮಾಡುವುದನ್ನು ಬಿಟ್ಟು ಚಪ್ಪಾಳೆ ಹೊಡೆದರು.

ಮೇಷ್ಟ್ರ ಕಡತ ತೆರೆದೆ. ಅಣ್ಣೆಸೊಪ್ಪಿನಿಂದ ಹೊನಗೊನೆಯವರೆಗೆ ಎಲ್ಲ ಇತ್ತು. ಒಂದು ಅಕ್ಷರವೂ ಕದಲಿರಲಿಲ್ಲ. ಒಡೆಯರ ಹೆಸರು ಮಾತ್ರ ಮತ್ತೆ ಕೊಬ್ಬರಿ ಮಂಡಿಯದಾಗಿತ್ತು. ನಿನ್ನೆ ಬೆಳಿಗ್ಗೆಯ ಪ್ರತಿ ತಾನೇ! ನಾನು ಹೆಸರು ಬದಲಿಸಿದ್ದು ನಿನ್ನೆ ಮಧ್ಯಾಹ್ನ. ಮೇಷ್ಟ್ರು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋಮವಾರ ಅವರ ಪುಟಗಳು ದುರ್ಗಕ್ಕೆ ಹೋದವು, ಎರಡು ತಿಂಗಳಿಗೆ ಪುಸ್ತಕವೂ ಬಂತು.

ಯಂತ್ರ ಸರಿಹೋದ ಮರುದಿನ, ಶನಿವಾರವೇ, ನಾನು ಬಸ್ಸು ಹತ್ತಿ ದುರ್ಗಕ್ಕೆ ಹೋಗಿ ರಿಪೇರಿಯವರ ಅಂಗಡಿಯಲ್ಲಿ ಕೂತೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ, ಸ್ಟೂಲು ಎಳೆದುಕೊಟ್ಟರು.

“ಕುಂತ್ಕಳ್ರಿ. ಕೆಡಿಸಿದೋರೇ ಸರಿಯಾಗಿ ಕಲಿಯೋದು.”

ಅವತ್ತು ಕಲಿತದ್ದನ್ನು ನಾನು ಇವತ್ತಿಗೂ ಮೀರಿಲ್ಲ. ಮುಟ್ಟುವ ಮೊದಲು ಆ ಫೋಲ್ಡರನ್ನು ಎಕ್ಸ್‌ಪೋರ್ಟ್ ಮಾಡಬೇಕು, ಅಂದರೆ ಅದರದೊಂದು ನಕಲನ್ನು ಬೇರೆ ಕಡತವಾಗಿ ತೆಗೆದಿಡಬೇಕು. ಎಡವಟ್ಟಾದರೆ ಆ ಕಡತವನ್ನು ಎರಡು ಸಲ ಒತ್ತಿದರೆ ಅಳಿಸಿದ್ದು ಸ್ವಸ್ಥಾನಕ್ಕೆ ಮರಳುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಆರಿಸಿ ಹಚ್ಚಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಬೇಕು. ಏನು ಬದಲಿಸಿದೆ, ಮೊದಲು ಏನಿತ್ತು ಎಂದು ಪುಸ್ತಕದಲ್ಲಿ ಬರೆಯಬೇಕು. ಗೊತ್ತಿಲ್ಲದ ಹೆಸರು ಕಂಡರೆ ಅದು ಕಸ ಎಂದುಕೊಳ್ಳಬಾರದು. ಈ ಕೊನೆಯದನ್ನು ಹೇಳುವಾಗ ಅವರು ನನ್ನನ್ನು ನೋಡಿ ಮೀಸೆಯಲ್ಲೇ ನಕ್ಕರು.

ಇದಾಗಿ ಎರಡು ವರ್ಷಕ್ಕೆ ಹೊಸದುರ್ಗದಿಂದ ಒಂದು ಫೋನು ಬಂತು. ಅಷ್ಟರಲ್ಲಿ ನಮ್ಮಲ್ಲೂ ಫೋನು ಬಂದಿತ್ತು. ಅಲ್ಲಿ ಒಂದು ಸಣ್ಣ ಪ್ರೆಸ್ಸು ನಡೆಸುತ್ತಿದ್ದ ಗಂಡ ಹೆಂಡತಿ. ಹೆಂಡತಿ ಹಿಂದೆ ಸೀಸದ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು, ಕಂಪ್ಯೂಟರ್ ಬಂದ ಮೇಲೆ ಅದರಲ್ಲೇ ಪುಟ ಕಟ್ಟುತ್ತಿದ್ದರು. ಫೋನಿನಲ್ಲಿ ಮಾತಾಡಿದ್ದು ಅವರೇ, ದುರ್ಗದ ರಿಪೇರಿಯವರು ನಮ್ಮ ನಂಬರು ಕೊಟ್ಟಿದ್ದರಂತೆ.

“ಅಕ್ಕ, ನಮ್ ಕನ್ನಡ ಎಲ್ಲ ಹೊಂಟೋಗೈತೆ. ಲಗ್ನಪತ್ರಿಕೆ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರ, ಸೊನ್ನೆ, ಚುಕ್ಕಿ. ವೈರಸ್ಸು ಅಂತಾರೆ, ಅಳಿಸಿ ಹೊಸದು ಹಾಕ್ಬೇಕಂತಾರೆ. ಅಕ್ಕಾ, ಮೂರು ಮದುವೇದು ಐತೆ ಇದರಾಗೆ.”

“ಏನೂ ಅಳಿಸಬ್ಯಾಡ್ರಿ. ಬಂದೆ.”

ಮೊದಲ ಬಸ್ಸಿಗೇ ಹೊರಟೆ. ದಾರಿಯುದ್ದಕ್ಕೂ ನನಗೆ ಹೆದರಿಕೆಯಾಗಲಿಲ್ಲ, ಅದೇ ಆಶ್ಚರ್ಯ. ಯಾವಾಗ ಆ ಕಿಟಕಿ ತೆರೆದೇನೋ ಎಂದು ಕಾತರ.

ಪ್ರೆಸ್ಸಿನಲ್ಲಿ ವಿಚಾರಿಸಿದೆ. ಯಾವುದೋ ಪುಕ್ಕಟೆ ಸಿಡಿಯಲ್ಲಿದ್ದ, ರಿಜಿಸ್ಟ್ರಿಯನ್ನು ಗುಡಿಸುತ್ತೇನೆನ್ನುವ ಪ್ರೋಗ್ರಾಮನ್ನು ಯಜಮಾನರು ಓಡಿಸಿದ್ದರು. ಅದು ತೋರಿಸಿದ ಪಟ್ಟಿಯನ್ನೆಲ್ಲ ಕಣ್ಣುಮುಚ್ಚಿ ಒಪ್ಪಿಕೊಂಡಿದ್ದರು. ಮೊದಲು ಇಡೀ ರಿಜಿಸ್ಟ್ರಿಯನ್ನು ಎಕ್ಸ್‌ಪೋರ್ಟ್ ಮಾಡಿದೆ. ದಿನಾ ತೆಗೆದಿಡುವ ಐದು ಪ್ರತಿಗಳನ್ನು ನೋಡಿದೆ. ಗುಡಿಸಿ ವಾರದ ಮೇಲಾಗಿತ್ತು, ಐದಕ್ಕೈದೂ ಕೆಟ್ಟ ಮೇಲಿನವು. ಪತ್ರಿಕೆ ಮಾಡಲು ಕೂತ ಮೇಲಷ್ಟೇ ಅವರಿಗೆ ವಿಷಯ ತಿಳಿದದ್ದು. ಬೇರೆ ದಾರಿ ಹುಡುಕಬೇಕಿತ್ತು.

ಕನ್ನಡ ಅಕ್ಷರಗಳ ಆಕಾರವಿರುವ ಫಾಂಟ್ ಕಡತಗಳು ತಮ್ಮ ಜಾಗದಲ್ಲೇ ಇದ್ದವು. ಹಾಗಾದರೆ ಅವು ಇವೆಯೆಂದು ಯಂತ್ರಕ್ಕೇಕೆ ಗೊತ್ತಾಗುತ್ತಿಲ್ಲ? ರಿಜಿಸ್ಟ್ರಿಯಲ್ಲಿ ಅಕ್ಷರಗಳ ಪಟ್ಟಿ ಎಲ್ಲಿರುತ್ತದೆಂದು ಅಂದಾಜಿತ್ತು, ಆದರೆ ಸರಿಯಾದ ಪಟ್ಟಿ ಹೇಗಿರಬೇಕೆಂದು ಖಾತ್ರಿ ಇರಲಿಲ್ಲ. ನಮ್ಮ ಇನ್‌ಸ್ಟಿಟ್ಯೂಟಿಗೆ ಫೋನು ಮಾಡಿದೆ. ಅಪ್ಪ ಎತ್ತಿದರು. ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ.

“ಅಪ್ಪ, ಕಂಪ್ಯೂಟರ್ ಮುಂದೆ ಕುಂತ್ಕ. ನಾನು ಹೇಳ್ದಂಗೆ ಒತ್ತು.”

“ನಾನಾ?”

“ನೀನೇ.”

ಕುರ್ಚಿ ಎಳೆದ ಸದ್ದು. ಆಮೇಲೆ ನಾನು ಹೇಳಿದ ಪದವನ್ನು ಅಪ್ಪ ಒಂದೊಂದೇ ಅಕ್ಷರವಾಗಿ ಹೊಡೆಯುವುದು ಕೇಳಿಸಿತು. ಅಕ್ಷರಗಳ ಪಟ್ಟಿ ಬೇಕು ಎಂದೆನಷ್ಟೇ, ನಾನು ದಾರಿ ಹೇಳುವ ಮೊದಲೇ ಅವರು ಮುಂದೆ ಹೋಗಿದ್ದರು.

“ಎಡಗಡೆ ಮೂರನೇದರ ಕೂಡೋ ಗುರುತು ಒತ್ತಿದೀನವ್ವ. ಕೆಳಗಿಳೀತಾ ಇದೀನಿ. ಹಾಂ, ಫಾಂಟ್ಸ್ ಅಂತ ಐತೆ. ಬಲಗಡೆ ಬಾಳ ಹೆಸರು ಅವೆ. ಒಂದ್ಕಡೆ ಅಕ್ಷರದ ಹೆಸರು, ಅದರ ಎದುರಿಗೆ ಕಡತದ ಹೆಸರು. ಕನ್ನಡದ್ದು ಇಪ್ಪತ್ತರ ಮೇಲೈತೆ.”

ಹೊಸದುರ್ಗದ ಯಂತ್ರದಲ್ಲಿ ಅದೇ ಫೋಲ್ಡರ್ ತೆರೆದೆ. ಬಲಗಡೆ ನಾಲ್ಕೇ ನಾಲ್ಕು ಹೆಸರು. ಕನ್ನಡದ್ದು ಒಂದೂ ಇಲ್ಲ. ನಾನು ಕುಣಿದಾಡಿಬಿಟ್ಟೆ. ರೋಗ ಸಿಕ್ಕಿತ್ತು.

“ಸಾಕಪ್ಪ, ಏನೂ ಒತ್ತಬ್ಯಾಡ, ಹಂಗೇ ಮುಚ್ಚಿಬಿಡು.”

“ನಂಗೊತ್ತು ಸುಮ್ನಿರು. ಎಕ್ಸ್‌ಪೋರ್ಟ್ ಮಾಡ್ಕಂಡೇ ಕುಂತಿದ್ದು ನಾನು.”

ಎರಡು ವರ್ಷ ನನ್ನ ಹಿಂದೆ ನಿಂತು ಅಪ್ಪ ಎಲ್ಲವನ್ನೂ ನೋಡಿಕೊಂಡಿದ್ದರು. ಒಂದು ಸಲವೂ ಮೌಸ್ ಮುಟ್ಟದೆ ಕಲಿತಿದ್ದರು.

ಆಮೇಲಿನದು ತಾಳ್ಮೆಯ ಕೆಲಸ. ಕನ್ನಡ ಅಕ್ಷರಗಳ ಕಡತಗಳನ್ನೆಲ್ಲ ಹೊರಗೆ ಬೇರೆ ಫೋಲ್ಡರಿಗೆ ತೆಗೆದು, ಒಂದೊಂದನ್ನೇ ಹೊಸದಾಗಿ ಹಾಕುತ್ತ ಬಂದೆ. ಹಾಕಿದಂತೆಲ್ಲ ರಿಜಿಸ್ಟ್ರಿಯ ಪಟ್ಟಿಯಲ್ಲಿ ಹೆಸರು ಬೆಳೆಯುತ್ತಿತ್ತು. ಹೆಂಡತಿ ಪಕ್ಕದ ಸ್ಟೂಲಿನಲ್ಲಿ ಕೂತು ಮೊಳೆ ಎಣಿಸುವಂತೆ ಎಣಿಸುತ್ತಿದ್ದರು. ನಡುವೆ ಕರೆಂಟು ಹೋಗಿ ಮುಕ್ಕಾಲು ಗಂಟೆ ಮೂವರೂ ಬಾಗಿಲಲ್ಲಿ ನಿಂತು ಮಂಡಕ್ಕಿ ತಿಂದೆವು. ಬಂದ ಮೇಲೆ ಉಳಿದವನ್ನೂ ಮುಗಿಸಿ, ಯಂತ್ರ ಆರಿಸಿ ಹಚ್ಚಿ, “ಈಗ ನೀವೇ ತೆಗೀರಿ,” ಎಂದು ಕುರ್ಚಿ ಬಿಟ್ಟುಕೊಟ್ಟೆ.

ಅವರು ಲಗ್ನಪತ್ರಿಕೆಯ ಕಡತ ಒತ್ತಿದರು. ಮೊದಲು ಮೇಲಿನ ಸಾಲು, ಆಮೇಲೆ ವಧುವರರ ಹೆಸರು, ಆಮೇಲೆ ಮುಹೂರ್ತ. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಅದರದರ ಜಾಗದಲ್ಲಿ. ಅವರು ಬೆರಳಿಂದ ತೆರೆಯನ್ನು ಮುಟ್ಟಿ ಮುಟ್ಟಿ ಓದಿದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. “ಬಂತಲ್ಲ ಅಕ್ಕ, ಬಂತಲ್ಲ!” ಎಂದು ನನ್ನ ಎರಡೂ ಕೈ ಹಿಡಿದು ಅಲ್ಲಾಡಿಸಿದರು. ಯಜಮಾನರು ಎದ್ದು ಹೋಗಿ ಆ ಪುಕ್ಕಟೆ ಸಿಡಿಯನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿದರು. “ಇನ್ನು ಯಾರಿಗೂ ಸಿಗಬಾರದು ಕಣ್ರಿ,” ಎಂದರು.

ಸುದ್ದಿ ಒಂದು ಪ್ರೆಸ್ಸಿನಿಂದ ಇನ್ನೊಂದಕ್ಕೆ ಹರಡಿತು. ಮುಂದಿನ ಬೇಸಗೆಯಲ್ಲಿ ಹೊಳಲ್ಕೆರೆಯ ಒಂದು ಪ್ರೆಸ್ಸಿನವರು, “ನೀವು ಬಂದು ಸರಿಮಾಡೋದಲ್ಲ, ನಮಗೇ ಹೇಳ್ಕೊಡ್ರಿ,” ಎಂದು ಕರೆಸಿಕೊಂಡರು. ಒಂಬತ್ತು ಜನ ಬಂದಿದ್ದರು, ಅವರಲ್ಲಿ ಆರು ಜನ ಹೆಂಗಸರು. ಕಾಗದದ ರೀಮುಗಳ ಮೇಲೆ ಕೂತು, ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡಿದ್ದರು. ನಾನು ಶುರುಮಾಡುವ ಮುಂಚೆಯೇ ಒಬ್ಬರು ಕೈ ಎತ್ತಿದರು.

“ಮೊದಲು ಇದನ್ನ ಹೇಳ್ರಿ ಮೇಡಂ. ಕೈ ತಪ್ಪಿ ಅಳಿಸಿದ್ರೆ ಏನಾಗ್ತೈತೆ?”

“ಅಳಿಸಿ ತೋರಿಸ್ತೀನಿ, ನೋಡ್ರಿ,” ಎಂದೆ.

ನಕಲು ತೆಗೆದಿಟ್ಟೆ. ಅವರ ತೆರೆಯ ಬಣ್ಣಗಳ ಸೆಟ್ಟಿಂಗುಗಳಿದ್ದ ಒಂದು ಫೋಲ್ಡರನ್ನು ಎಲ್ಲರೆದುರೇ ಅಳಿಸಿದೆ. ಒಂಬತ್ತು ಜನರ ಬಾಯಿಂದಲೂ ‘ಅಯ್ಯೋ’ ಹೊರಟಿತು. ತೆಗೆದಿಟ್ಟಿದ್ದ ಕಡತವನ್ನು ಎರಡು ಸಲ ಒತ್ತಿದೆ. ಫೋಲ್ಡರ್ ಮತ್ತೆ ಬಂದು ಕೂತಿತು. ಆಮೇಲೆ ಎಲ್ಲರೂ ಒಟ್ಟಿಗೆ ರೀಮುಗಳಿಂದ ಎದ್ದು, ನಾನು ಮೊದಲು, ನಾನು ಮೊದಲು ಎಂದು ಆ ಒಂದೇ ಕುರ್ಚಿಗೆ ಮುಗಿಬಿದ್ದರು.